ಪೂರ್ವಗ್ರಹ ತಲೆಯಲ್ಲಿ ಹುಟ್ಟುತ್ತದಾ, ಊರಲ್ಲಿ ಹುಟ್ಟುತ್ತದಾ? ಪಿಯುಸಿ ಮಕ್ಕಳಿಗೆ 90 ನಿಮಿಷದಲ್ಲಿ ತೋರಿಸುವುದು ಹೇಗೆ?

ಹೊಂಗೆನೆರಳು ಕೇಳಿದ್ದು:

ದ್ವಿತೀಯ ಪಿಯುಸಿ ಮನಶ್ಶಾಸ್ತ್ರದಲ್ಲಿ ಪೂರ್ವಗ್ರಹದ ಪಾಠ ಬರುತ್ತದೆ. ಎರಡು ಪೀರಿಯಡ್ ಸೇರಿಸಿದರೆ 90 ನಿಮಿಷ, ತರಗತಿಯಲ್ಲಿ 40 ಮಕ್ಕಳು. ಬೆಂಗಳೂರಿನ ಕಾಲೇಜು ಅಂದಮೇಲೆ ಗೊತ್ತೇ ಇದೆ: ಮನೆಮಾತು ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಇರುತ್ತದೆ, ಹಾಸ್ಟೆಲ್‌ನಲ್ಲಿ ಉತ್ತರ ಕರ್ನಾಟಕದ ಮಕ್ಕಳೂ ಇರುತ್ತಾರೆ. ವ್ಯಾಖ್ಯಾನ ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ಪಡಿಯಚ್ಚು ಅಂದರೆ ಒಂದು ಗುಂಪಿನ ಬಗ್ಗೆ ನಂಬಿಕೆ, ಪೂರ್ವಗ್ರಹ ಅಂದರೆ ಅದಕ್ಕೆ ಅಂಟಿದ ಭಾವ, ತಾರತಮ್ಯ ಅಂದರೆ ನಡತೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಇದು ಕೆಟ್ಟ ಮನಸ್ಸಿನವರಿಗೆ ಬರುವ ರೋಗ, ನಮಗೇನೂ ಇಲ್ಲ ಎಂದುಕೊಂಡೇ ಎದ್ದು ಹೋಗುತ್ತಾರೆ.

ಬೋರ್ಡು, ಸೀಮೆಸುಣ್ಣ, ಕಾಗದ ಬಿಟ್ಟರೆ ಬೇರೇನೂ ಇಲ್ಲ. ಪ್ರತಿದಿನದ ಮಾಮೂಲಿ ಯೋಚನೆಯೇ ಪೂರ್ವಗ್ರಹವಾಗುವುದನ್ನು ಮಕ್ಕಳು ತಮ್ಮಲ್ಲೇ ಕಾಣುವಂಥ ಪ್ರಯೋಗ ಯಾವುದಿದೆ? ಯಾರಿಗೂ ನೋವಾಗಬಾರದು. ಪಠ್ಯದಲ್ಲಿ ಸಂಸ್ಕೃತಿಯ ಪಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ, ಅದನ್ನು ಎಲ್ಲಿಂದ ಶುರುಮಾಡಲಿ? ಮತ್ತೆ ಮನೆ ಬಾಡಿಗೆ, ಕೆಲಸದ ಸಂದರ್ಶನ ಇಂಥ ಕಡೆ ನಿಜವಾಗಿ ಉಪಯೋಗಕ್ಕೆ ಬರುವ ಕ್ರಮ ಇದ್ದರೆ ಅದನ್ನೂ ಹೇಳಿ. "ಎಲ್ಲರನ್ನೂ ಸಮಾನವಾಗಿ ಕಾಣಿರಿ" ಎಂಬ ಉಪದೇಶ ಅವರಿಗೆ ಒಂದನೇ ಕ್ಲಾಸಿನಿಂದ ಸಿಕ್ಕಿದೆ.

ಸೀಸದಮೊಳೆ:

ಪದದಿಂದಲೇ ಶುರುಮಾಡಿ, ಅರ್ಧ ವಿಷಯ ಅಲ್ಲೇ ಇದೆ. ಸ್ಟೀರಿಯೋಟೈಪ್ ಎಂಬುದು ಮೂಲದಲ್ಲಿ ಮುದ್ರಣಾಲಯದ ಮಾತು. ಮೊಳೆ ಜೋಡಿಸಿದ ಇಡೀ ಪುಟದಿಂದ ಅಚ್ಚು ತೆಗೆದು, ಅದಕ್ಕೆ ಸೀಸ ಕರಗಿಸಿ ಹೊಯ್ದರೆ ಒಂದು ಗಟ್ಟಿ ಫಲಕ ಸಿಗುತ್ತದೆ. ಬಿಡಿ ಮೊಳೆಗಳಿದ್ದಾಗ ತಪ್ಪಕ್ಷರ ಕಂಡರೆ ಚಿಮಟದಲ್ಲಿ ಕಿತ್ತು ಬೇರೆ ಇಡಬಹುದು. ಎರಕವಾದ ಮೇಲೆ ಅದು ಸುಲಭವಲ್ಲ, ಸಾವಿರ ಪ್ರತಿಯಲ್ಲೂ ಅದೇ ತಪ್ಪು ಬರುತ್ತದೆ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಮಾತನ್ನು ನಮ್ಮ ತಲೆಯೊಳಗಿನ ಚಿತ್ರಗಳಿಗೆ ಬಳಸಿದರು. ಕನ್ನಡದ ಪಡಿಯಚ್ಚು ಪದದಲ್ಲೂ ಅಚ್ಚು ಇದೆ, ಅದನ್ನೇ ಬಳಸಿ.

ಮೊದಲ ಪ್ರಯೋಗ 15 ನಿಮಿಷದ್ದು, ಇದರಲ್ಲಿ ಮನುಷ್ಯರೇ ಇಲ್ಲ. 1963ರಲ್ಲಿ ಹೆನ್ರಿ ತಾಜ್ಫೆಲ್ ಮತ್ತು ವಿಲ್ಕ್ಸ್ ಮಾಡಿದ್ದು. ಎಂಟು ಹಾಳೆಗಳ ಮೇಲೆ ಒಂದೊಂದು ಗೆರೆ ಎಳೆಯಿರಿ, ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು 5 ಶೇಕಡಾ ಉದ್ದ: 16, 16.8, 17.6, 18.5, 19.4, 20.4, 21.4, 22.5 ಸೆಂಟಿಮೀಟರ್. ತರಗತಿಯನ್ನು ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಬರೀ ಗೆರೆ ತೋರಿಸಿ. ಇನ್ನೊಂದು ಭಾಗಕ್ಕೆ ಸಣ್ಣ ನಾಲ್ಕರ ಮೇಲೆ "ಕ", ದೊಡ್ಡ ನಾಲ್ಕರ ಮೇಲೆ "ಗ" ಎಂದು ಬರೆದು ತೋರಿಸಿ. ಕ್ರಮ ಕಲಸಿರಬೇಕು, ಸ್ಕೇಲು ಮುಟ್ಟಬಾರದು, ಉದ್ದ ಅಂದಾಜಿನಲ್ಲಿ ಬರೆಯಬೇಕು. ಆಮೇಲೆ ನಾಲ್ಕನೇ ಮತ್ತು ಐದನೇ ಗೆರೆಯ ನಡುವಿನ ಅಂತರ ಮಾತ್ರ ನೋಡಿ. ನಿಜದಲ್ಲಿ ಅದು 0.9 ಸೆಂಟಿಮೀಟರ್. ಅಕ್ಷರ ಕಂಡವರ ಸರಾಸರಿ ಅದಕ್ಕಿಂತ ಹೆಚ್ಚಿರುತ್ತದೆ. ಗೆರೆಗೆ ಜಾತಿಯಿಲ್ಲ, ಭಾಷೆಯಿಲ್ಲ. ಆದರೂ ಹೆಸರುಪಟ್ಟಿ ಅಂಟಿಸಿದ ಕೂಡಲೇ ಕಣ್ಣು ನಡುವೆ ಕಂದಕ ತೋಡಿತು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ, ಅರ್ಧ ಜನ ಹೊರಗಿರಲಿ. ಇಲ್ಲದಿದ್ದರೆ ಅಕ್ಷರ ಇದೆಯೋ ಇಲ್ಲವೋ ಎಂಬುದೇ ಸುಳಿವಾಗಿಬಿಡುತ್ತದೆ.

ಎರಡನೆಯದು ಪಾಠದ ಹೊಟ್ಟೆ. ಇದಕ್ಕೆ 25 ನಿಮಿಷ ಇಡಿ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಮಾಡಿದ ಪ್ರಯೋಗ. 39 ಚೀಟಿ ಬೇಕು. ಕ ಗುಂಪಿನ ಮೇಲೆ 26 ವಾಕ್ಯ: 18 ಒಳ್ಳೆಯವು, 8 ಕೆಟ್ಟವು. ಗ ಗುಂಪಿನ ಮೇಲೆ 13: 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಕೆಟ್ಟದ್ದರ ಪಾಲು ಒಂದೇ, 31 ಶೇಕಡಾ ಹತ್ತಿರ. "ಕ ಗುಂಪಿನ ಒಬ್ಬರು ಪಕ್ಕದ ಮನೆಯ ಅಜ್ಜಿಗೆ ಮಾತ್ರೆ ತಂದುಕೊಟ್ಟರು", "ಗ ಗುಂಪಿನ ಒಬ್ಬರು ಎರವಲು ತಂದ ಪುಸ್ತಕ ಹಿಂತಿರುಗಿಸಲಿಲ್ಲ", ಈ ಮಟ್ಟದ ವಾಕ್ಯಗಳು. ಚೆನ್ನಾಗಿ ಕಲಸಿ, ಒಂದಕ್ಕೆ 8 ಸೆಕೆಂಡಿನಂತೆ ಓದಿ, ಐದು ನಿಮಿಷದಲ್ಲಿ ಮುಗಿಯುತ್ತದೆ. ಪೆನ್ನು ಡೆಸ್ಕಿನ ಕೆಳಗೆ ಹೋಗಬೇಕು, ಇಲ್ಲದಿದ್ದರೆ ನಾಲ್ಕು ಜನ ಗೆರೆ ಹಾಕಿ ಎಣಿಸುತ್ತಾರೆ. ಓದಿ ಆದಮೇಲೆ ಎರಡೇ ಪ್ರಶ್ನೆ: ಕ ಗುಂಪಿನ 26ರಲ್ಲಿ ಕೆಟ್ಟವು ಎಷ್ಟು? ಗ ಗುಂಪಿನ 13ರಲ್ಲಿ ಎಷ್ಟು? ಉತ್ತರ ಚೀಟಿಯಲ್ಲಿ ಬರೆದು ಕೊಡಬೇಕು, ಕೈ ಎತ್ತಿಸಬೇಡಿ. ಸಾಮಾನ್ಯವಾಗಿ ಗ ಗುಂಪಿನ ಲೆಕ್ಕವೇ ಏರುತ್ತದೆ.

ಯಾಕೆ? ಗ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದ ಆ 4 ಚೀಟಿ ನೆನಪಿನಲ್ಲಿ ಎದ್ದು ನಿಲ್ಲುತ್ತವೆ. ಇನ್ನೊಂದು ವಿವರಣೆಯೂ ಇದೆ, ಕ್ಲೌಸ್ ಫೀಡ್ಲರ್ ಕೊಟ್ಟದ್ದು: ಸಣ್ಣ ಗುಂಪಿನಿಂದ ಕೇಳಿದ್ದೇ ಕಡಿಮೆ, ಹಾಗಾಗಿ ಅವರಲ್ಲಿ ಒಳ್ಳೆಯದೇ ಹೆಚ್ಚು ಎಂಬ ಪಾಠ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಎರಡನ್ನೂ ಹೇಳಿ. ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಆಟವನ್ನು ತಿರುಗಿಸಿಯೂ ನೋಡಿದರು. ಒಳ್ಳೆಯ ಕೆಲಸ ಅಪರೂಪವಾದಾಗ ಸಣ್ಣ ಗುಂಪೇ ಹೆಚ್ಚು ಒಳ್ಳೆಯದಾಗಿ ಕಂಡಿತು. ಅಂದರೆ ಇಲ್ಲಿ ದ್ವೇಷಕ್ಕೆ ಕೆಲಸವೇ ಇರಲಿಲ್ಲ.

ಕೆಡುವುದು ಎಲ್ಲಿ? ಕೆಟ್ಟ ವಾಕ್ಯದಲ್ಲಿ ಕೊಲೆ, ಕಳ್ಳತನ ಬರೆದರೆ ಅದೊಂದೇ ನೆನಪಿರುತ್ತದೆ. ಗ ಗುಂಪಿನ ಕೆಟ್ಟ ಚೀಟಿ ಎರಡು ಒಂದರ ಹಿಂದೊಂದು ಬಂದರೂ ಫಲಿತಾಂಶ ವಾಲುತ್ತದೆ, ಹಾಗಾಗಿ ಕಲಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಗುಂಪುಗಳಿಗೆ ಬಣ್ಣದ ಹೆಸರು ಬೇಡ. ಕೆಂಪು, ಹಳದಿ ಅಂದರೆ ಬೆಂಗಳೂರಿನ ಹುಡುಗರ ತಲೆಯಲ್ಲಿ ಐಪಿಎಲ್ ಶುರುವಾಗುತ್ತದೆ. 40 ಜನರಲ್ಲಿ ಪರಿಣಾಮ ಸಣ್ಣದಾಗಿಯೇ ಇರಬಹುದು, ಸರಾಸರಿಯನ್ನೇ ಬೋರ್ಡಿನ ಮೇಲೆ ಬರೆಯಿರಿ. ಬರಲಿಲ್ಲ ಅಂದರೆ ಬರಲಿಲ್ಲ ಎಂದೇ ಹೇಳಿ.

ಗಾದೆಗಂಟು:

ಸೀಸದಮೊಳೆಯವರು ಹೇಳಿದ್ದು ಸರಿ, ಆದರೆ ಅರ್ಧ. ಚೀಟಿಯ ಮೇಲೆ ಕ, ಗ ಎಂದು ಬರೆದವರು ಮೇಷ್ಟ್ರು. ಊರಲ್ಲಿ ಬರೆದವರು ಯಾರು? ಮನುಷ್ಯರನ್ನು ಎತ್ತರದಿಂದ ವಿಂಗಡಿಸಬಹುದು, ಎಡಚ ಬಲಚ ಎಂದು ವಿಂಗಡಿಸಬಹುದು. ನಾವು ಹಾಗೆ ಮಾಡುವುದಿಲ್ಲ. ಹೊಸಬರು ಸಿಕ್ಕಾಗ "ಯಾವ ಕಡೆಯವರು?", "ಮನೆದೇವರು ಯಾವುದು?", "ಮನೇಲಿ ನಾನ್‌ವೆಜ್ ಮಾಡ್ತೀರಾ?" ಎಂದು ಕೇಳುತ್ತೇವೆ. ಮೂರೂ ಪ್ರಶ್ನೆ ಒಂದೇ ಬಾಗಿಲು ತಟ್ಟುತ್ತವೆ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಡಬ್ಬಿ ಮಾಡುವುದು ಮಿದುಳಿನ ಚಾಳಿ. ಯಾವ ಡಬ್ಬಿ, ಅದರ ಮೇಲೆ ಯಾವ ಚೀಟಿ, ಯಾವುದು ಮೇಲಿನ ಅಟ್ಟಣಿಗೆಯಲ್ಲಿ ಎಂಬುದನ್ನು ಸಂಸ್ಕೃತಿ ಕೊಡುತ್ತದೆ. ತರಗತಿಯಲ್ಲಿ ಇದನ್ನೇ ಮೊದಲ ಪ್ರಶ್ನೆಯಾಗಿ ಇಡಿ: ಅಪರಿಚಿತರಿಗೆ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಮೂರು ಪ್ರಶ್ನೆ ಯಾವುವು, ಆ ಉತ್ತರದಿಂದ ಏನು ತಿಳಿದುಕೊಳ್ಳುತ್ತಾರೆ?

ಎರಡನೆಯದು ವ್ಯಾಕರಣ. ಇದರ ಮೇಲೆ ಜಾಸ್ತಿ ಹೊತ್ತು ನಿಲ್ಲಿ, ಕನ್ನಡದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. 2012ರಲ್ಲಿ ಮರ್ಜೋರಿ ರೋಡ್ಸ್ ಮತ್ತು ಸಂಗಡಿಗರು "ಜಾರ್ಪಿ" ಎಂಬ ಇಲ್ಲದ ಜನಾಂಗವನ್ನು ಕಟ್ಟಿ, ನಾಲ್ಕು ವರ್ಷದ ಮಕ್ಕಳಿಗೂ ದೊಡ್ಡವರಿಗೂ ಚಿತ್ರ ತೋರಿಸಿದರು. ಕೆಲವರಿಗೆ "ಜಾರ್ಪಿಗಳು ಹುಳಕ್ಕೆ ಹೆದರುತ್ತಾರೆ" ಎಂಬ ಧಾಟಿ, ಕೆಲವರಿಗೆ "ಈ ಜಾರ್ಪಿ ಹುಳಕ್ಕೆ ಹೆದರುತ್ತಾನೆ" ಎಂಬ ಧಾಟಿ. ಮೊದಲನೆಯದನ್ನು ಕೇಳಿದವರಲ್ಲಿ, ಆ ಗುಣ ಜಾರ್ಪಿಗಳಿಗೆ ಹುಟ್ಟಿನಿಂದಲೇ ಬಂದದ್ದು ಎಂಬ ನಂಬಿಕೆ ಹೆಚ್ಚಾಗಿ ಬೇರೂರಿತು. ಬೈಗುಳ ಇರಲಿಲ್ಲ, ಕೆಟ್ಟ ಮಾತಿರಲಿಲ್ಲ, ವಾಕ್ಯದ ಆಕಾರ ಅಷ್ಟೇ.

ಕನ್ನಡದಲ್ಲಿ "ಅವರು ಗಲಾಟೆ ಮಾಡ್ತಾರೆ" ಅಂದರೆ ಈಗ ಮಾಡುತ್ತಿರುವುದಕ್ಕೂ ಆಗುತ್ತದೆ, ನಾಳೆ ಮಾಡುವುದಕ್ಕೂ ಆಗುತ್ತದೆ, ಯಾವಾಗಲೂ ಮಾಡುವ ಸ್ವಭಾವಕ್ಕೂ ಆಗುತ್ತದೆ. ಒಂದು ರಾತ್ರಿಯ ಸಂಗತಿ ಕ್ರಿಯಾಪದದೊಳಗೇ ಗುಣವಾಗಿ ಕೂತುಬಿಡುತ್ತದೆ. ಮಕ್ಕಳಿಗೆ ಅಭ್ಯಾಸ ಕೊಡಿ: ಇಂಥ ಐದು ವಾಕ್ಯ ಬರೆದು, ಪ್ರತಿಯೊಂದಕ್ಕೂ ಸಂಖ್ಯೆ, ಜಾಗ, ಭೂತಕಾಲ ಸೇರಿಸಿ ತಿದ್ದಬೇಕು. "ಶನಿವಾರ ರಾತ್ರಿ ಮೂರನೇ ಮಹಡಿಯ ಇಬ್ಬರು ಗಲಾಟೆ ಮಾಡಿದರು." ಅರ್ಧ ವಾಕ್ಯಗಳಿಗೆ ಸಂಖ್ಯೆಯೇ ಸಿಗುವುದಿಲ್ಲ, ಆ ಖಾಲಿ ಜಾಗವನ್ನು ಮಕ್ಕಳು ನೋಡಬೇಕು.

ಇಲ್ಲೊಂದು ಗುಂಡಿಯಿದೆ. ತಿದ್ದುವ ಉತ್ಸಾಹದಲ್ಲಿ "ಹುಡುಗಿಯರೂ ಹುಡುಗರಷ್ಟೇ ಲೆಕ್ಕದಲ್ಲಿ ಜಾಣರು" ಎಂದು ಬರೆಯುತ್ತಾರೆ. ಆ "ಊ" ಮತ್ತು "ಅಷ್ಟೇ" ಎರಡೂ ಸೇರಿ ಹುಡುಗರನ್ನು ಅಳತೆಗೋಲು ಮಾಡಿಬಿಟ್ಟವು. ಇಂಥ ವಾಕ್ಯ ಕೇಳಿದವರು ಹುಡುಗರಿಗೇ ಗಣಿತ ಸಹಜ ಎಂದು ತಿಳಿಯುತ್ತಾರೆ ಎಂಬುದನ್ನು ಚೆಸ್ಟ್‌ನಟ್ ಮತ್ತು ಮಾರ್ಕ್‌ಮನ್ 2018ರಲ್ಲಿ ತೋರಿಸಿದರು. "ಹುಡುಗರು, ಹುಡುಗಿಯರು ಇಬ್ಬರೂ ಜಾಣರು" ಎಂದರೆ ಆ ತೊಂದರೆ ಇಲ್ಲ.

ಗಾದೆಗಳನ್ನು ಬಿಡಬೇಡಿ. "ಹುಟ್ಟುಗುಣ ಸುಟ್ಟರೂ ಹೋಗದು" ಎಂಬುದು ಒಬ್ಬನ ಹಟಕ್ಕೆ ಹೇಳಿದ ಮಾತಾಗಿದ್ದರೆ ಅಡ್ಡಿಯಿಲ್ಲ. ಗುಂಪಿಗೆ ಅನ್ವಯಿಸಿದಾಗ ಅದೇ ಜಾತಿಯ ತತ್ವಶಾಸ್ತ್ರ. ಮೇಲಿಂದ "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬ ಮೊಹರು ಬೇರೆ. ತಮಿಳುನಾಡಿನಲ್ಲಿ ರಾಮಸ್ವಾಮಿ ಮಹಾಲಿಂಗಂ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಜಾತಿ ರಕ್ತದಲ್ಲೇ ಬರುತ್ತದೆ ಎಂಬ ಭಾವನೆ ಬ್ರಾಹ್ಮಣರಲ್ಲಿ ಹೆಚ್ಚು, ಅದು ಸಮಾಜ ಕಲಿಸಿದ್ದು ಎಂಬ ತಿಳಿವಳಿಕೆ ದಲಿತರಲ್ಲಿ ಹೆಚ್ಚು ಎಂದು ಕಂಡಿತು. ಮೇಲೆ ಕೂತವರಿಗೆ ಅಟ್ಟಣಿಗೆ ಹುಟ್ಟಿನಿಂದಲೇ ಇತ್ತು ಎಂದು ನಂಬಿದರೆ ಲಾಭ, ಅದನ್ನು ಮಕ್ಕಳಿಂದಲೇ ಹೇಳಿಸಿ.

ನಮ್ಮ ಪಕ್ಕದ ಮೈಸೂರಿನದು ಒಂದು ಇದೆ, ಇದನ್ನು ತಪ್ಪದೆ ಹೇಳಿ. 1984ರಲ್ಲಿ ಜೋನ್ ಮಿಲ್ಲರ್ ಅಮೆರಿಕದವರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿದರು; 8, 11, 15 ವಯಸ್ಸಿನ ಮಕ್ಕಳು, ಜೊತೆಗೆ ದೊಡ್ಡವರು. ಗೊತ್ತಿರುವವರು ಮಾಡಿದ ಒಳ್ಳೆಯ, ಕೆಟ್ಟ ಕೆಲಸಗಳನ್ನು ಹೇಳಿ, ಅವರು ಯಾಕೆ ಹಾಗೆ ಮಾಡಿದರು ಎಂದು ಕೇಳಿದರು. ಅಮೆರಿಕದ ದೊಡ್ಡವರು "ಅವನ ಸ್ವಭಾವವೇ ಹಾಗೆ" ಎಂಬ ಕಾರಣ ಹೆಚ್ಚು ಕೊಟ್ಟರು, ಮೈಸೂರಿನ ದೊಡ್ಡವರು ಸಂದರ್ಭ, ಸಂಬಂಧ, ಕರ್ತವ್ಯದ ಕಾರಣ ಹೆಚ್ಚು ಕೊಟ್ಟರು. ಚಿಕ್ಕ ಮಕ್ಕಳಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ, ವಯಸ್ಸಾದಂತೆ ಬೆಳೆಯಿತು. ತಪ್ಪಿಗೆ ಕಾರಣ ಹುಡುಕುವ ರೀತಿಯೂ ಕಲಿತದ್ದು ಎಂದಾಯಿತು. ಹಾಗಾದರೆ ನಾವು ಪೂರ್ವಗ್ರಹದಿಂದ ಪಾರಾ? ಇಲ್ಲ. ಸಂದರ್ಭ ನೋಡುವ ಆ ಔದಾರ್ಯ ಯಾರಿಗೆ ಸಿಗುತ್ತದೆ ಎಂಬುದೇ ಪ್ರಶ್ನೆ. ನಮ್ಮವನು ತಡವಾಗಿ ಬಂದರೆ ಸಿಲ್ಕ್‌ಬೋರ್ಡ್ ಟ್ರಾಫಿಕ್ಕು, ಅವರವನು ತಡವಾಗಿ ಬಂದರೆ ಆ ಜನವೇ ಸೋಮಾರಿಗಳು. 1979ರಲ್ಲಿ ಥಾಮಸ್ ಪೆಟ್ಟಿಗ್ರೂ ಈ ಓರೆಯನ್ನು ವಿವರಿಸಿದರು. ಹೊರಗಿನವರು ಒಳ್ಳೆಯದು ಮಾಡಿದರೆ ಅದೃಷ್ಟ ಅಥವಾ "ಅವನೊಬ್ಬ ಬೇರೆ", ಕೆಟ್ಟದು ಮಾಡಿದರೆ ಹುಟ್ಟುಗುಣ.

ಬೆಂಗಳೂರಿಗೆ ಸಂಬಂಧಿಸಿ ಒಂದು ಉದಾಹರಣೆ ಬೇಕಿದ್ದರೆ 2012ರ ಆಗಸ್ಟ್ ತೆಗೆದುಕೊಳ್ಳಿ. ಜಗಳ ನಡೆದದ್ದು ಅಸ್ಸಾಮಿನ ಬೋಡೋ ಪ್ರದೇಶದಲ್ಲಿ. ಇಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಹಬ್ಬಿದ ಮೇಲೆ ಇಲ್ಲಿಂದ ಗುವಾಹಟಿಯ ರೈಲು ಹತ್ತಿದ ಸಾವಿರಾರು ಜನರಲ್ಲಿ ಮಣಿಪುರ, ನಾಗಾಲ್ಯಾಂಡಿನವರೂ ಇದ್ದರು. ಎಂಟು ರಾಜ್ಯಗಳಿಗೆ ಊರು "ನಾರ್ತ್ ಈಸ್ಟ್" ಎಂಬ ಒಂದೇ ಚೀಟಿ ಅಂಟಿಸಿದ್ದರಿಂದ, ಚೀಟಿಯ ಮೇಲೆ ಬಂದ ಬೆದರಿಕೆ ಎಲ್ಲರಿಗೂ ಬಂತು. ಸರ್ಕಾರ ಒಟ್ಟೊಟ್ಟಿಗೆ ಕಳಿಸುವ ಎಸ್ಸೆಮ್ಮೆಸ್‌ಗಳನ್ನು ತಡೆದು ದಿನಕ್ಕೆ 5ರ ಮಿತಿ ಹಾಕಿತು.

ಟುಲೆಟ್‌ಬೋರ್ಡು:

ಮೂರನೇ ಪ್ರಶ್ನೆಗೆ. ಮನಸ್ಸು ಬದಲಿಸುವುದಕ್ಕಿಂತ ಕ್ರಮ ಬದಲಿಸುವುದು ಬೇಗ ಆಗುತ್ತದೆ, ಇದು ಸ್ಪಷ್ಟವಾಗಿರಲಿ.

ಕೆಲಸದ ವಿಷಯದಲ್ಲಿ ನಮ್ಮ ದೇಶದ್ದೇ ಪುರಾವೆ ಇದೆ. ಥೋರಟ್ ಮತ್ತು ಅಟೆವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ 4808 ಅರ್ಜಿ ಕಳಿಸಿ ನೋಡಿದರು, 2007ರಲ್ಲಿ ಪ್ರಕಟಿಸಿದರು. ಅರ್ಹತೆ ಸಮ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಅರ್ಜಿ ನೋಡಿದವರೆಲ್ಲ ಕ್ರೂರಿಗಳು ಎಂದು ತಿಳಿಯಬೇಕಿಲ್ಲ. ರಾಶಿ ಅರ್ಜಿ, ಕಡಿಮೆ ಹೊತ್ತು, ಹೆಸರು ಎಲ್ಲಕ್ಕಿಂತ ಮೇಲೆ.

ಹಾಗಾಗಿ ಮೊದಲ ಸುತ್ತಿನಲ್ಲಿ ಹೆಸರು, ಫೋಟೋ, ತಂದೆಯ ಹೆಸರು, ಹುಟ್ಟೂರು, ಮಾತೃಭಾಷೆ ಮುಚ್ಚಿಡಬೇಕು. ನಮ್ಮಲ್ಲಿ ಹೆಸರೊಂದನ್ನೇ ಮುಚ್ಚಿದರೆ ಸಾಲದು, ಉಳಿದವೇ ಎಲ್ಲ ಹೇಳಿಬಿಡುತ್ತವೆ. ಸಂದರ್ಶನಕ್ಕೆ ಐದು ಪ್ರಶ್ನೆ ಮೊದಲೇ ಬರೆದಿಡಿ, ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ. 1 ಅಂದರೆ ಎಂಥ ಉತ್ತರ, 3 ಅಂದರೆ ಎಂಥದು, 5 ಅಂದರೆ ಎಂಥದು ಎಂದು ಮುಂಚೆಯೇ ಬರವಣಿಗೆಯಲ್ಲಿರಬೇಕು. ಉತ್ತರ ಮುಗಿದ ಕೂಡಲೇ ಅಂಕ ಹಾಕಬೇಕು, ಮೂವರು ಸಂದರ್ಶಕರು ತಮ್ಮತಮ್ಮ ಹಾಳೆ ಮಡಚಿ ಕೊಟ್ಟ ಮೇಲೆಯೇ ಮಾತು. ಹಿರಿಯರು ಕೊನೆಯಲ್ಲಿ ಮಾತಾಡಲಿ. ಅಭ್ಯರ್ಥಿಯಿಂದ ಅಭ್ಯರ್ಥಿಗೆ ಹೋಗದೆ ಮೊದಲನೇ ಪ್ರಶ್ನೆಗೆ ಎಲ್ಲರ ಉತ್ತರ, ಆಮೇಲೆ ಎರಡನೆಯದಕ್ಕೆ, ಹೀಗೆ ಹೋಲಿಸಿ. ಇಷ್ಟೆಲ್ಲ ಮಾಡಿ ಕೊನೆಗೆ "ನಮ್ಮ ಟೀಮಿಗೆ ಸೆಟ್ ಆಗ್ತಾನಾ?" ಎಂಬ ಪ್ರಶ್ನೆ ಸೇರಿಸಿದರೆ ಮುಚ್ಚಿದ ಬಾಗಿಲು ಹಿತ್ತಲಿಂದ ತೆರೆಯಿತು ಎಂದೇ ಅರ್ಥ.

ಅಂಕದ ಹಾಳೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ 1974ರ ವರ್ಡ್, ಜನ್ನಾ, ಕೂಪರ್ ಪ್ರಯೋಗ ಹೇಳಿ. ಪ್ರಿನ್ಸ್‌ಟನ್‌ನಲ್ಲಿ ಬಿಳಿಯ ಸಂದರ್ಶಕರು ಕಪ್ಪು ಅಭ್ಯರ್ಥಿಗಳಿಂದ ದೂರ ಕುಳಿತರು, ಹೆಚ್ಚು ತಡವರಿಸಿದರು, ಬೇಗ ಮುಗಿಸಿದರು. ಎರಡನೇ ಹಂತದಲ್ಲಿ ಸಂದರ್ಶಕರಿಗೆ ತರಬೇತಿ ಕೊಟ್ಟು, ಅದೇ ತಣ್ಣನೆಯ ರೀತಿಯನ್ನು ಬಿಳಿಯ ಅಭ್ಯರ್ಥಿಗಳ ಮೇಲೆ ಬಳಸಿದರು. ಅವರೂ ಅಳುಕಿದರು, ಅವರ ಉತ್ತರವೂ ಕೆಟ್ಟಿತು. ಅಂದರೆ "ಅವನ ಉತ್ತರವೇ ಸಪ್ಪೆ ಇತ್ತು" ಎಂಬುದು ನಿಜವಿರಬಹುದು, ಆದರೆ ಸಪ್ಪೆ ಮಾಡಿದ್ದು ಕೇಳಿದವರು. ಇದನ್ನು ಇಬ್ಬರು ಮಕ್ಕಳಿಂದ ನಾಟಕವಾಗಿ ಮಾಡಿಸಬಹುದು, ಎರಡೆರಡು ನಿಮಿಷ: ಒಮ್ಮೆ ಕಣ್ಣು ನೋಡಿ ಕೇಳುವುದು, ಒಮ್ಮೆ ಫೋನು ನೋಡುತ್ತ ಕೇಳುವುದು. ಕೇಳುವ ಪಾತ್ರಕ್ಕೆ ಮೊದಲೇ ಒಪ್ಪಿಕೊಂಡ ಮಕ್ಕಳೇ ಇರಲಿ.

ಬಾಡಿಗೆ ಮನೆಯದು ಕಷ್ಟ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸುತ್ತದೆ, ಖಾಸಗಿ ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಓನರ್ ಬ್ರೋಕರ್‌ಗೆ ಹೇಳುವ ಒಂದು ಮಾತಿನಲ್ಲೇ ಎಲ್ಲ ಮುಗಿದಿರುತ್ತದೆ. ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಮಾತ್ರ ಲೆಕ್ಕ ಕೇಳುವ ಅವಕಾಶ ಇದೆ. ಮಕ್ಕಳಿಗೆ ಒಂದು ಲೆಕ್ಕ ಕೊಡಿ, ಇದು ಉದಾಹರಣೆಗೆ ಕಟ್ಟಿದ್ದು: 200 ಫ್ಲಾಟ್, 160ರಲ್ಲಿ ಸಂಸಾರ, 40ರಲ್ಲಿ ಬ್ಯಾಚುಲರ್‌ಗಳು. ವರ್ಷಕ್ಕೆ ಸಂಸಾರಗಳ ಮೇಲೆ 24 ದೂರು, ಬ್ಯಾಚುಲರ್‌ಗಳ ಮೇಲೆ 6. ಎರಡೂ 15 ಶೇಕಡಾ. ಸಭೆಯಲ್ಲಿ ನೆನಪಾಗುವುದು ಆ 6 ಮಾತ್ರ, ಮೇಲೆ ಸೀಸದಮೊಳೆಯವರು ಹೇಳಿದ 4 ಚೀಟಿಯ ಹಾಗೆ. ಆಮೇಲೆ ಇನ್ನೊಂದು ತಿರುವು ಕೊಡಿ: ಸೆಕ್ಯೂರಿಟಿಯವರು ಬ್ಯಾಚುಲರ್ ಮನೆಗೆ ಬರುವವರನ್ನು ಮಾತ್ರ ರಿಜಿಸ್ಟರ್‌ನಲ್ಲಿ ಬರೆಸುತ್ತಾರೆ ಎಂದಿಟ್ಟುಕೊಳ್ಳಿ. ವರ್ಷದ ಕೊನೆಗೆ ರಿಜಿಸ್ಟರ್ ತೆಗೆದು "ನೋಡಿ, ಬರೀ ಅವರ ಮನೆಗೇ ಜನ" ಎಂದರೆ, ಆ ಪುಸ್ತಕ ತೋರಿಸುವುದು ಕಾವಲಿನ ಕಣ್ಣು ಎತ್ತ ಇತ್ತು ಎಂಬುದನ್ನಷ್ಟೇ. ಬರೆದರೆ ಎಲ್ಲರನ್ನೂ ಬರೆಯಬೇಕು.

ಹೊಂಗೆನೆರಳು:

ಎಲ್ಲರಿಗೂ ಕೃತಜ್ಞತೆ, ಚೀಟಿ ಮತ್ತು ವಾಕ್ಯ ತಿದ್ದುವ ಅಭ್ಯಾಸ ಎರಡನ್ನೂ ಇಟ್ಟುಕೊಳ್ಳುತ್ತೇನೆ. ಮೂರು ಸಂದೇಹ ಉಳಿದಿವೆ. ನೆಟ್‌ನಲ್ಲಿ ಸಿಗುವ ಅವ್ಯಕ್ತ ಪೂರ್ವಗ್ರಹದ ಪರೀಕ್ಷೆಯನ್ನು (ಒಂದು ಗುಂಪನ್ನು ಒಳ್ಳೆಯ, ಕೆಟ್ಟ ಪದಗಳ ಜೊತೆ ಎಷ್ಟು ಬೇಗ ಜೋಡಿಸುತ್ತೇವೆ ಎಂದು ಅಳೆಯುವುದು) ಮಕ್ಕಳಿಂದ ಮಾಡಿಸಬಹುದೇ? ಬೇರೆಬೇರೆ ಗುಂಪಿನವರನ್ನು ಒಟ್ಟಿಗೆ ಕೂರಿಸಿದರೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ, ಅದು ಎಷ್ಟು ನಿಜ? ಯಾರಾದರೂ ಎದ್ದುನಿಂತು "ಮೇಡಂ, ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅಲ್ವಾ" ಎಂದರೆ?

ಕಬ್ಬನ್‌ಪಾರ್ಕ್_ಬೆಂಚು:

ಪರೀಕ್ಷೆ ಬೇಡ ಮೇಡಂ. ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಆ ಪರೀಕ್ಷೆ ದೊಡ್ಡ ಗುಂಪಿನ ಸರಾಸರಿ ನೋಡಲು ಸರಿ. ಒಬ್ಬರೇ ಎರಡು ಸಲ ಮಾಡಿದರೆ ಅಂಕಗಳ ಹೊಂದಾಣಿಕೆ 0.5ರ ಆಸುಪಾಸು (ಪೂರ್ತಿ ಹೊಂದಿದರೆ 1), ಅಂದರೆ ಸಾಧಾರಣ. ಹದಿನೇಳು ವರ್ಷದ ಹುಡುಗನಿಗೆ ಪರದೆಯ ಮೇಲೆ ಒಂದು ತೀರ್ಪು ಸಿಕ್ಕರೆ ಒಂದೋ ಕುಗ್ಗುತ್ತಾನೆ, ಇಲ್ಲ ಪಾಸಾದೆ ಎಂದು ಬೀಗುತ್ತಾನೆ. ಪೂರ್ವಗ್ರಹ ಬಿಡಿಸುವ ಪಾಠ ಅವನಿಗೇ ಒಂದು ಹಣೆಪಟ್ಟಿ ಅಂಟಿಸಬಾರದು.

ಒಟ್ಟಿಗೆ ಕೂರಿಸಿದರೆ ಸಾಕು ಎಂಬುದು ಅರ್ಧಸತ್ಯ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಷರತ್ತು ಹಾಕಿದ್ದರು: ಆ ಸಂದರ್ಭದಲ್ಲಿ ಇಬ್ಬರ ಸ್ಥಾನ ಸಮ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೈಜೋಡಿಸಬೇಕು, ಮೇಲಿನವರ ಬೆಂಬಲ ಇರಬೇಕು. ಮನೆಕೆಲಸದವರು ಇಪ್ಪತ್ತು ವರ್ಷ ಅದೇ ಮನೆಗೆ ಬಂದರೂ ಲೋಟ ಬೇರೆಯೇ ಇರುತ್ತದೆ, ಸಂಪರ್ಕಕ್ಕೇನು ಕೊರತೆ? ಮ್ಯಾಥ್ಯೂ ಲೋ ಉತ್ತರ ಪ್ರದೇಶದಲ್ಲಿ 1261 ಯುವಕರನ್ನು ಚೀಟಿ ಎತ್ತಿ ಕ್ರಿಕೆಟ್ ಲೀಗುಗಳಿಗೆ ಹಂಚಿದರು, 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಸ್ನೇಹ ಹೆಚ್ಚಿತು. ಎದುರಾಳಿಗಳಾಗಿ ಸಿಕ್ಕಾಗ ಆ ಫಲ ಸಿಗಲಿಲ್ಲ, ಉಲ್ಟಾ ಹೊಡೆದದ್ದೂ ಇದೆ. ಮೈದಾನ ಅದೇ, ಚೆಂಡು ಅದೇ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಸೀಟು ಮೀಸಲಾದ ಮೇಲೆ ಏನಾಯಿತು ಎಂದು ಗೌತಮ್ ರಾವ್ ಅಧ್ಯಯನ ಮಾಡಿದ್ದಾರೆ, 2019ರದು. ಸಿರಿವಂತರ ಮಕ್ಕಳಲ್ಲಿ ಉದಾರತೆ ಹೆಚ್ಚಿತು, ಬಡಮಕ್ಕಳ ಬಗ್ಗೆ ತಾರತಮ್ಯ ತಗ್ಗಿತು. ಕೆಲವು ಶಾಲೆಗಳಲ್ಲಿ ಓದುವ ಗುಂಪುಗಳನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಮಾಡುತ್ತಿದ್ದರು, ಅಲ್ಲಿ ಅಕ್ಕಪಕ್ಕ ಬಿದ್ದವರಲ್ಲಿ ಬದಲಾವಣೆ ಕಂಡಿತು. ನಿಮಗೆ ಇದು ಪುಕ್ಕಟೆ ಸಿಗುವ ಉಪಾಯ: ಪ್ರಾಜೆಕ್ಟ್ ಗುಂಪುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಮಾಡಿ, ಮಕ್ಕಳಿಗೆ ಆರಿಸಲು ಬಿಡಬೇಡಿ, ಇಡೀ ಗುಂಪಿಗೆ ಒಂದೇ ಅಂಕ ಕೊಡಿ.

ಒಂದು ಎಚ್ಚರ. ಗುಂಪಿನ ಚಿತ್ರಕ್ಕೆ ಹೊಂದದ ಒಬ್ಬರು ಸಿಕ್ಕರೆ ಮನಸ್ಸು ಚಿತ್ರ ತಿದ್ದುವುದಿಲ್ಲ, ಅವರನ್ನೇ ಹೊರಗಿಡುತ್ತದೆ. "ನೀನು ಬಿಡು, ನೀನು ಅವರ ಥರ ಅಲ್ಲ" ಎಂಬುದು ಹೊಗಳಿಕೆಯ ಹಾಗೆ ಕೇಳಿಸುವ ಪೂರ್ವಗ್ರಹ. ವೆಬರ್ ಮತ್ತು ಕ್ರಾಕರ್ 1983ರಲ್ಲಿ ತೋರಿಸಿದ್ದು ಇದನ್ನೇ: ಹೊಂದದ ಗುಣಗಳು ಒಬ್ಬಿಬ್ಬರಲ್ಲೇ ತುಂಬಿದ್ದರೆ ಅವರು ಅಪವಾದವಾಗುತ್ತಾರೆ, ಹಲವರಲ್ಲಿ ಸ್ವಲ್ಪಸ್ವಲ್ಪ ಹರಡಿದ್ದರೆ ಪಡಿಯಚ್ಚು ಸಡಿಲುತ್ತದೆ. ಹಾಗಾಗಿ ಮಹಾನ್ ಸಾಧಕರೊಬ್ಬರ ಫೋಟೋ ತೋರಿಸಿ ಪಾಠ ಮುಗಿಸಿದರೆ ಕೆಲಸ ಆಗುವುದಿಲ್ಲ. ಸಾಮಾನ್ಯರು ಹತ್ತು ಜನ ಬೇಕು.

ಬೆಂಕಿ, ಹೊಗೆಯ ಪ್ರಶ್ನೆಗೆ ಸಿಡುಕಬೇಡಿ, ಅದು ಒಳ್ಳೆಯ ಪ್ರಶ್ನೆ. ಬೋರ್ಡಿನ ಮೇಲೆ ಎರಡು ಗುಡ್ಡ ಬರೆಯಿರಿ, ಒಂದೊಂದು ಗುಂಪಿನಲ್ಲಿ ಒಂದು ಗುಣ ಹೇಗೆ ಹರಡಿದೆ ಎಂಬುದಕ್ಕೆ ಒಂದೊಂದು, ಮುಕ್ಕಾಲು ಪಾಲು ಒಂದರ ಮೇಲೊಂದು ಬಂದಿರಲಿ, ತುದಿಗಳು ಸ್ವಲ್ಪ ಆಚೀಚೆ. ಸರಾಸರಿಯಲ್ಲಿ ವ್ಯತ್ಯಾಸ ಇದೆ ಎಂದೇ ಇಟ್ಟುಕೊಳ್ಳೋಣ. ಈಗ ಬಾಗಿಲಲ್ಲಿ ನಿಂತ ಒಬ್ಬ ಈ ಗುಡ್ಡದ ಎಲ್ಲಿದ್ದಾನೆ? ಸರಾಸರಿ ಅದನ್ನು ಹೇಳಲಾರದು. ವ್ಯತ್ಯಾಸ ನಿಜವಾಗಿದ್ದರೂ ಕಾರಣ ಹುಟ್ಟಲ್ಲದಿರಬಹುದು. ಹಾಫ್ ಮತ್ತು ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಹುಡುಗರಿಗೆ ಚಕ್ರವ್ಯೂಹದ ಒಗಟುಗಳನ್ನು ಕೊಟ್ಟರು, 2006ರಲ್ಲಿ ಪ್ರಕಟಿಸಿದರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಎಂದು ಕರೆಸಿಕೊಂಡವರ ನಡುವೆ ಗಮನಿಸುವಂಥ ಅಂತರವೇ ಇರಲಿಲ್ಲ. ಎಲ್ಲರೆದುರು ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಒಗಟು ಬದಲಾಗಿರಲಿಲ್ಲ, ಕೋಣೆಯ ಗಾಳಿ ಬದಲಾಗಿತ್ತು. ಆ ಹೊಗೆಯನ್ನು ಎಬ್ಬಿಸಿದ್ದು ಒಂದು ಘೋಷಣೆ.

"ಇನ್ನುಮೇಲೆ ಹಾಗೆ ಯೋಚಿಸಲೇಬೇಡಿ" ಎಂದೂ ಹೇಳಬೇಡಿ. 1994ರಲ್ಲಿ ಮ್ಯಾಕ್ರೇ ಮತ್ತು ಸಂಗಡಿಗರು ಒಂದು ಫೋಟೋ ಕೊಟ್ಟು, ಅದರಲ್ಲಿರುವವನ ಬಗ್ಗೆ ಪಡಿಯಚ್ಚು ಬಳಸದೆ ಬರೆಯಿರಿ ಎಂದರು. ಬರೆದರು. ಎರಡನೇ ಸಲ ನಿರ್ಬಂಧ ಇಲ್ಲದಾಗ ಅದೇ ಪಡಿಯಚ್ಚು, ಮೊದಲಿಂದಲೂ ನಿರ್ಬಂಧ ಇಲ್ಲದವರಲ್ಲಿ ಬಂದದ್ದಕ್ಕಿಂತ ಜೋರಾಗಿ ಬಂತು. ಬೇಡ ಎನ್ನುವ ಬದಲು ಏನು ಮಾಡಬೇಕೆಂದು ಕೊಡಿ: ಎಷ್ಟು ಜನ, ಎಲ್ಲಿ, ಯಾವಾಗ ಎಂದು ಕೇಳುವುದು, ನಮ್ಮವನೇ ಹೀಗೆ ಮಾಡಿದ್ದರೆ ಯಾವ ಕಾರಣ ಕೊಡುತ್ತಿದ್ದೆ ಎಂದು ಬರೆಯುವುದು.

ಗಾದೆಗಂಟು:

ಹಾಫ್, ಪಾಂಡೆ ಪ್ರಯೋಗ ಹೇಳಿದ್ದು ಒಳ್ಳೆಯದಾಯಿತು. ಅದರಿಂದಲೇ ಒಂದು ಬೇಡಿಕೆ: ಈ 90 ನಿಮಿಷದಲ್ಲಿ ಯಾರ ಜಾತಿ, ಧರ್ಮ, ಮೀಸಲಾತಿಯನ್ನೂ ಕೈ ಎತ್ತಿಸಿ ಕೇಳಬೇಡಿ, ಸ್ಕಾಲರ್‌ಶಿಪ್ ಪಟ್ಟಿಯನ್ನು ಆ ವಾರ ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. "ನಿಮ್ಮ ಜನರ ಬಗ್ಗೆ ಬೇರೆಯವರು ಏನನ್ನುತ್ತಾರೆ, ಹೇಳಿ" ಎಂದು ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸುವುದೂ ಬೇಡ. ಸಣ್ಣ ಗುಂಪಿನ ಮಗು ಎಲ್ಲರ ಪರವಾಗಿ ಉತ್ತರ ಕೊಡಬೇಕಾದ ಸ್ಥಿತಿಯೇ ಪಡಿಯಚ್ಚು.

ಸೀಸದಮೊಳೆ:

ಅದಕ್ಕೆ ಸೇರಿಸಿ: ಕೊನೆಯ 10 ನಿಮಿಷ ಖಾಲಿ ಇಡಿ. ಚೀಟಿ ಆಟದಲ್ಲಿ ಹೀಗೆ ಎಣಿಸಿದ್ದು ತಪ್ಪಲ್ಲ, ಬಹುತೇಕ ಎಲ್ಲರ ನೆನಪೂ ಹೀಗೇ ಎಣಿಸುತ್ತದೆ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ 39 ಚೀಟಿಯನ್ನೂ ಮೇಜಿನ ಮೇಲೆ ಹರಡಿ, ಇಬ್ಬರು ಮಕ್ಕಳೇ ಕ ಒಂದು ಕಡೆ, ಗ ಒಂದು ಕಡೆ ಮಾಡಿ, ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಿ ಗಟ್ಟಿಯಾಗಿ ಎಣಿಸಲಿ. 18, 8. 9, 4. ನೀವು ಬೋರ್ಡಿನಲ್ಲಿ ಬರೆದರೆ ನಂಬುತ್ತಾರೆ ಅಷ್ಟೇ. ಕೈಯಾರೆ ಎಣಿಸಿದವರು ನಡುವೆ ಒಮ್ಮೆ ನಿಂತು ಮತ್ತೆ ಮೊದಲಿಂದ ಎಣಿಸುತ್ತಾರೆ, ಅದಕ್ಕೆ ಸಮಯ ಬೇಕು.